ಮೀಟರಿನ ಮೈ

ಕರೆಂಟು ಹೋದ ಮಧ್ಯಾಹ್ನ, ತಳಿಯ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ
ಲೈನ್‌ಮನ್ ಪೊನ್ನುರಂಗಂ ಮೀಟರಿಗೆ ಬೆರಳು ಕುಟ್ಟಿ ಕೇಳಿದ:
"ಯಾರಮ್ಮ ಈ ಡಬ್ಬ ಮಾಡಿದ್ದು?
ತಂತಿ ಹಾಕೋಕೆ ಬೆರಳು ಹೋಗಲ್ಲ,
ಸ್ಕ್ರೂ ಬಿಚ್ಚಿದ್ರೆ ಹಾರಿ ಬೀಳುತ್ತೆ.
ಅವನನ್ನ ಒಂದಿನ ನನ್ನ ಏಣಿ ಹತ್ತಿಸಬೇಕು."

ಮಜ್ಜಿಗೆ ಲೋಟ ಕೊಟ್ಟೆ, ಬಾಯಿ ಬಿಡಲಿಲ್ಲ.
'ಅವನನ್ನ' ಅಂದನಲ್ಲ,
ಅಷ್ಟರ ಮಟ್ಟಿಗೆ ಬಚಾವು.

ಹೊಸೂರಿನ ಸಿಪ್‌ಕಾಟಿನಲ್ಲಿ, ತಗಡಿನ ಸೂರಿನ ಕೆಳಗೆ
ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ.
ಒಳಗಿನದೆಲ್ಲ ಬೇರೆಯವರದು: ಹಸಿರು ಹಲಗೆ,
ಬೆಸುಗೆಯ ಹನಿ, ಯೂನಿಟ್ಟು ಎಣಿಸುವ ಬುದ್ಧಿ.
ಅದಕ್ಕೆ ಮೈ ಕೊಡುವವಳು ನಾನು.

ಕೊಡುವವಳು ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ.
ಗೋಡೆಯ ದಪ್ಪ ಎರಡೂವರೆ ಮಿಲಿಮೀಟರು ಇಟ್ಟಿದ್ದೆ.
ಲೆಕ್ಕದ ವೇದಾಚಲಂ ಲಕ್ಷ ಡಬ್ಬಕ್ಕೆ ಎಷ್ಟು ಕಿಲೋ ಉಳಿಯುತ್ತದೆಂದು
ಕ್ಯಾಲೆಂಡರಿನ ಬೆನ್ನಮೇಲೆ ಗುಣಿಸಿ
ಒಂದೇ ಸಂಜೆಗೆ ಎರಡಕ್ಕೆ ಇಳಿಸಿದರು.
ಬಡವಾದ ಗೋಡೆಗೆ ಒಳಗಿಂದ ಪಕ್ಕೆಲುಬು ಕೊಟ್ಟೆ.
ಹೊರಗೆ ಕಾಣುವುದಿಲ್ಲ.
ಅದು ನನ್ನದು.

ಶೂಲಗಿರಿ ಕಡೆಯ ಯಾವನೋ, ಹಳೆಯ ಕಾಲದ ಮೀಟರಿನಲ್ಲಿ
ಎಕ್ಸ್‌ರೇ ಹಾಳೆ ಕತ್ತರಿಸಿ ಸಂದಿಯಿಂದ ತೂರಿಸಿ
ತಿರುಗುವ ಬಿಲ್ಲೆಯನ್ನೇ ನಿಲ್ಲಿಸಿದ್ದನಂತೆ.
ಯಾರ ಮುರಿದ ಮೂಳೆಯ ಚಿತ್ರವೋ ಅದು!
ಅವನ ದೆಸೆಯಿಂದ ಮುಚ್ಚಳದ ಅಂಚಿಗೆ ನಾಲಿಗೆ ಬಂತು,
ನಾಲಿಗೆ ಕೂರಲು ತೋಡು ಬಂತು.
ಹೆಸರು ಗೊತ್ತಿಲ್ಲದ ಗುರು.

ಇನ್ನು ನೆಟ್ಟಗೆ ಗುರುವೇ ಆದವರು ಟೂಲ್‌ರೂಮಿನ ಖುದ್ದೂಸ್ ಸಾಬರು.
ಹೊಸತರಲ್ಲಿ ನಾನು ಗೋಡೆಗಳನ್ನು ಗೂಟದ ಹಾಗೆ ಬರೆದಿದ್ದೆ.
ಹಾಳೆ ತಿರುಗಿಸಿ, ಕನ್ನಡಕ ಒರೆಸಿ, ಅಂದರು:
"ಇಡ್ಲಿ ತಟ್ಟೆ ನೋಡಿಲ್ವೇನಮ್ಮ?
ಗುಳಿ ನೆಟ್ಟಗಿದ್ದಿದ್ರೆ ಇಡ್ಲಿ ಬಿಟ್ಟು ಬರ್ತಿತ್ತಾ?
ಒಂದೂವರೆ ಡಿಗ್ರಿ ಓರೆ ಕೊಡು.
ಉಕ್ಕು ತಾನಾಗಿ ಏನನ್ನೂ ಬಿಡಲ್ಲ."

ಅಕ್ಷರ ಕೆತ್ತುವವರೂ ಅವರೇ. ಅಚ್ಚಿನಲ್ಲಿ ಎಲ್ಲ ತಿರುಗುಮುರುಗು.
ತಮಿಳು ಓದಲು ಬಾರದು ಅವರಿಗೆ,
ಕನ್ನಡಿಯೊಳಗಿನ ತಮಿಳು ಬರುತ್ತದೆ.
ಮುಚ್ಚಳದ ಮೇಲೆ 'ಎಚ್ಚರಿಕ್ಕೈ' ಕೆತ್ತುವಾಗ ಪಕ್ಕದಲ್ಲಿ ನಿಂತಿದ್ದೆ.
ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು,
ಸ್ಕೂಲಿನಲ್ಲಿ ತಮಿಳು ತಿಂದು ಬೆಳೆದ ನನಗೆ
ಆ ಪದ ಅರ್ಧ ನೆಂಟ.
ನಮ್ಮ ಎಚ್ಚರಿಕೆಯೇ,
ಗಡಿ ದಾಟಿದ ಮೇಲೆ ಕೊನೆಗೊಂದು ಕೈ ಮೂಡಿಸಿಕೊಂಡಿದೆ.

ಅಂಚೆಟ್ಟಿಯಿಂದ ಒಂದು ಮಳೆಗಾಲ
ನಲವತ್ತು ಮೀಟರು ಗೋಣಿಚೀಲದಲ್ಲಿ ವಾಪಸು ಬಂದವು.
ತೆರೆದರೆ ಇರುವೆ.
ಹಸಿರು ಹಲಗೆಯ ಮೇಲೆ ಬಿಳಿ ಮೊಟ್ಟೆ,
ಕೆಪಾಸಿಟರಿನ ಬುಡದಲ್ಲಿ ಸಣ್ಣಗೆ ಮಣ್ಣು,
ಕಾರಿಡಾರು, ಕೋಣೆ, ಎಲ್ಲ ಇತ್ತು.
ಒಳಗೆ ಬೆಚ್ಚಗಿತ್ತೇನೋ ಪಾಪ.
ನನ್ನ ಡಬ್ಬವನ್ನು ಮನೆ ಅಂದುಕೊಂಡವರು ಅವರೊಬ್ಬರೇ.
ಆ ವಾರವೇ ತಂತಿಯ ಬಾಯನ್ನು ಮೂರು ಮಿಲಿಮೀಟರು ಕಿರಿದು ಮಾಡಿದೆ.
ಆ ಮೂರಕ್ಕೇ ಈಗ ಪೊನ್ನುರಂಗನ ಬೆರಳು
ನನಗೆ ಬಯ್ಯುತ್ತಿರುವುದು.

ಸುಟ್ಟ ತಂತಿ ಬದಲಾಯಿತು. ಕಣ್ಣು ಮಿಟುಕಿಸಿತು ಕೆಂಪು ದೀಪ.
ಒಳಗೆ ಚಿಕ್ಕಮ್ಮನ ಮಿಕ್ಸಿ
ನಿಲ್ಲಿಸಿದ್ದ ವಾಕ್ಯವನ್ನು ಮುಂದುವರಿಸಿತು.
ಪೊನ್ನುರಂಗಂ ಸೀಸದ ಮುದ್ರೆ ಹಾಕಿ ಇಕ್ಕಳ ಒತ್ತಿದ.
ಇನ್ನು ಇದನ್ನು ಬಿಚ್ಚಿದರೆ ನನಗೂ ದಂಡ.

"ಸರಿ ಬರ್ತೀನಮ್ಮ. ಸಿಕ್ಕಿದ್ರೆ ಹೇಳು ಅವನಿಗೆ."
"ಹೇಳ್ತೀನಿ" ಅಂದೆ.

ಏಣಿ ಹೆಗಲಿಗೇರಿ ಬೀದಿಯ ತಿರುವಿನಲ್ಲಿ ಮರೆಯಾಯಿತು.
ಗೋಡೆಯ ಸುಣ್ಣದ ಬಿರುಕಿನಿಂದ ಒಂದು ಇರುವೆ ಇಳಿದು ಬಂದು
ತಂತಿಯ ಬಾಯಿಗೆ ಎರಡೂ ಮೀಸೆ ಚಾಚಿ
ನಿಧಾನವಾಗಿ
ಅಳತೆ ತೆಗೆಯತೊಡಗಿತು.